ಉತ್ತರ ಬರೆಯಬಲ್ಲ ಸಂತಳಿಗೆ

ಕಾಗದನಗರ, ಭದ್ರಾವತಿ
ನವೆಂಬರ್ 2, ಭಾನುವಾರ

ಯಾರ ಕರೆಯೂ ಇಲ್ಲದೆ, ಕೇವಲ ಅಜ್ಜಿಯ ಕಾಟ ತಡೆಯಲಾರದೆ ಪೆನ್ನು ಹಿಡಿದ ಅಕ್ಷಯಾ ಎಂಬ ನಾನು, ಶಿವಮೊಗ್ಗದ ರಾಗಿಗುಡ್ಡದ ಹತ್ತಿರದ ಕನ್ಯಾಮಠದಲ್ಲಿ ವಾಸವಾಗಿರುವ ಸಂತ ಶೀಲಾಳಿಗೆ ಬರೆಯುವುದು: ನಿನಗೆ ಕೃಪೆಯೂ ಶಾಂತಿಯೂ ಲಭಿಸಲಿ. ನಿನಗಿಂತ ಮೊದಲು ಇದನ್ನು ಓದುವ ಹಿರಿಯ ಸಿಸ್ಟರ್ ಯಾರಾದರೂ ಇದ್ದರೆ ಅವರಿಗೂ ಲಭಿಸಲಿ, ಸ್ವಲ್ಪ ಜಾಸ್ತಿಯೇ ಲಭಿಸಲಿ.

ನಗಬೇಡ ಮಾರಾಯ್ತಿ. ಈ ಧಾಟಿ ಕಲಿತದ್ದು ಇವತ್ತು ಮಧ್ಯಾಹ್ನ, ನಿನ್ನ ಮಾತೃಶ್ರೀ ಆರೋಗ್ಯಮ್ಮನವರಿಂದ. ಅದಕ್ಕೆಲ್ಲ ಕಾರಣ ಒಂದು ಫೋಟೋ.

ಶೀಲಾ ಯಾವಾಗ ಬರುತ್ತಾಳೆ ಎಂದು ಅಜ್ಜಿ ಮೊನ್ನೆ ಮತ್ತೆ ಕೇಳಿದಳು. ನಾನು ಮುಖ ಗಂಭೀರ ಮಾಡಿಕೊಂಡು, ಇನ್ನೆಲ್ಲಿ ಬರುತ್ತಾಳೆ, ಜನವರಿಯಲ್ಲಿ ಸಿಸ್ಟರ್ ಆಗುವ ವ್ರತ ತೆಗೆದುಕೊಂಡು ಸಂತಳಾಗುತ್ತಾಳೆ ಎಂದುಬಿಟ್ಟೆ. ನಮ್ಮ ಮಾಸ್ತಮ್ಮಜ್ಜಿಗೆ ಗೊತ್ತಿರುವ ಸಂತರೆಲ್ಲ ಗೋಡೆಯ ಮೇಲಿರುವವರು. ಹೈಸ್ಕೂಲಿನ ಟ್ರಿಪ್ಪಿನಲ್ಲಿ ಗಾಜನೂರು ಅಣೆಕಟ್ಟಿನ ಮುಂದೆ ನಾವಿಬ್ಬರೂ ನಿಂತು ತೆಗೆಸಿಕೊಂಡೆವಲ್ಲ, ಆ ಫೋಟೋ ಹುಡುಕಿದಳು. ನನ್ನ ಭಾಗ ಕತ್ತರಿಸಿ ಬಿಸಾಕಿದಳು. ನಿನಗೆ ಮಾತ್ರ ಕಟ್ಟು ಹಾಕಿಸಿ ದೇವರ ಪಟಗಳ ಸಾಲಿಗೆ ಸೇರಿಸಿ, ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿ, ಊದುಬತ್ತಿ ಹಚ್ಚಿದಳು. ನನ್ನನ್ನು ಯಾಕೆ ಕತ್ತರಿಸಿದೆ ಎಂದರೆ, ಸಂತರ ಪಕ್ಕ ನಿನ್ನಂಥ ಕೋತಿ ಯಾಕೆ ಎಂದಳು. ಆದರೆ ಅಜ್ಜಿಯ ಕತ್ತರಿ ಪೂರ್ತಿ ಗೆದ್ದಿಲ್ಲ. ನಿನ್ನ ಹೆಗಲ ಮೇಲೆ ನನ್ನ ನಾಲ್ಕು ಬೆರಳು ಉಳಿದುಕೊಂಡಿವೆ.

ಇವತ್ತು ನಿಮ್ಮವರು ತೀರಿಕೊಂಡವರ ಸಮಾಧಿಗೆ ಮೇಣದಬತ್ತಿ ಹಚ್ಚುವ ದಿನ. ನಿಮ್ಮ ಅಮ್ಮ ದಾರಿಯಲ್ಲಿ ನಮ್ಮ ಗಿಡದ ಹೂವು ಕೇಳಲು ಬಂದರು. ಬಂದವರು ಗೋಡೆ ನೋಡಿದರು. ಹಾರ ಹಾಕಿದ ಫೋಟೋ ಅಂದರೆ ಏನೆಂದು ಈ ಊರಿನಲ್ಲಿ ಯಾರಿಗೆ ಗೊತ್ತಿಲ್ಲ ಹೇಳು?

"ನನ್ನ ಮಗಳು ಬದುಕಿದಾಳೆ ಮಾಸ್ತಮ್ಮನೋರೆ," ಎಂದರು, ಬಹಳ ಮೆಲ್ಲಗೆ.

ಅಜ್ಜಿ ಗಾಬರಿಯಾಗಿ ಹಾರ ತೆಗೆದಳು. ಆದರೆ ಅವಳ ಬಾಯಿ ನಿನಗೆ ಗೊತ್ತಲ್ಲ. "ಬದುಕಿರೋರು ಒಂದ್ಸಲನಾದ್ರೂ ಬಂದು ಮುಖ ತೋರಿಸ್ತಾರೆ ಕಣಮ್ಮ," ಎಂದಳು.

ನಿಮ್ಮ ಅಮ್ಮ ಹೊಸ್ತಿಲ ಮೇಲೆಯೇ ಕೂತುಬಿಟ್ಟರು. ಆಗ ಹೇಳಿದರು. ವ್ರತಕ್ಕೆ ಮೊದಲು ಒಂದು ವಾರ ಮನೆಗೆ ಹೋಗಿ ಬರಲು ಬಿಡುತ್ತಾರಂತೆ, ನೀನು ಬೇಡ ಎಂದೆಯಂತೆ. ಬಂದರೆ ಮನಸ್ಸು ಸಡಿಲವಾಗುತ್ತದೆ, ಅಕ್ಷಯಾ ವಾಪಸು ಬಿಡುವುದಿಲ್ಲ ಎಂದು ಬರೆದೆಯಂತೆ. ಸೈತಾನನ ಹುದ್ದೆ ಅರ್ಜಿಯೇ ಹಾಕದೆ ಸಿಗುತ್ತದೆಂದು ನನಗೆ ತಿಳಿದಿರಲಿಲ್ಲ. ತುಂಬಾ ಥ್ಯಾಂಕ್ಸ್.

ಸಂತಳೂ ಆಗಿ ಬದುಕಿಯೂ ಇರುವುದು ಹೇಗೆ ಎಂಬುದು ಅಜ್ಜಿಯ ಅನುಮಾನ. ಅದಕ್ಕೆ ನಿಮ್ಮ ಅಮ್ಮ ಮನೆಗೆ ಹೋಗಿ ಬೈಬಲ್ ತಂದು, ಅದರಲ್ಲಿ ಪೌಲ ಎಂಬವನು ಊರೂರಿನ ಕ್ರೈಸ್ತರಿಗೆ ಬರೆದ ಪತ್ರಗಳನ್ನು ಓದಿ ಹೇಳಿದರು. ಮೇಲಿನ ನನ್ನ ಧಾಟಿ ಅವನದೇ. ನಾನೂ ನಿನ್ನ ಹಾಗೆ ಕಾಲು ಮಡಚಿ ಕೂತು ಕೇಳಿದೆ. ಪವಾಡ ಮಾಡಿ, ಸತ್ತು, ಆಮೇಲೆ ಬಿರುದು ಪಡೆದವರೇ ಸಂತರು ಎಂದುಕೊಂಡಿದ್ದೆ. ಅಂಥವರೂ ಇದ್ದಾರೆ, ನಿನ್ನೆ ಅವರದೇ ಹಬ್ಬ ಎಂದರು. ಆದರೆ ಪೌಲ ಆ ಹೆಸರಿನಿಂದ ಕರೆಯುವುದು ಊರೂರಿನ ಬದುಕಿರುವ ಜನರನ್ನು. ಅವರು ದುಡಿದು ಗಳಿಸಿದ ಹೆಸರಲ್ಲ, ದೇವರು ತನ್ನವರೆಂದು ತೆಗೆದಿಟ್ಟುಕೊಂಡದ್ದಕ್ಕೆ ಬಂದ ಹೆಸರು. ಅಜ್ಜಿಗೆ ತಟ್ಟನೆ ಅರ್ಥವಾಯಿತು. ಮುಡಿಪು ಕಟ್ಟಿಟ್ಟ ಹಾಗೆ ಎಂದಳು. ಮುಡಿಪಿನ ಅಕ್ಕಿಯೂ ಅದೇ ಡಬ್ಬದ್ದು, ಬೇರೆ ತಳಿಯದ್ದಲ್ಲ.

ಕೊರಿಂಥ ಎಂಬ ಊರಿನವರಂತೂ ನಮ್ಮ ಕ್ವಾರ್ಟರ್ಸಿನವರೇ. ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗುತ್ತಿದ್ದರು, ಪಂಕ್ತಿಯಲ್ಲಿ ಉಳಿದವರು ಬರುವ ಮೊದಲೇ ತಿಂದು ಕುಡಿದು ಮುಗಿಸುತ್ತಿದ್ದರು. ಪೌಲ ಪುಟಗಟ್ಟಲೆ ಬೈಯುತ್ತಾನೆ, ಆದರೆ ಕೊಟ್ಟ ಹೆಸರನ್ನು ಮಾತ್ರ ವಾಪಸು ತೆಗೆದುಕೊಳ್ಳುವುದಿಲ್ಲ. ಫಿಲಿಪ್ಪಿ ಎಂಬ ಇನ್ನೊಂದು ಊರಿನಲ್ಲಿ ಇಬ್ಬರು ಹೆಂಗಸರು ಮಾತು ಬಿಟ್ಟಿದ್ದರಂತೆ. ತಪ್ಪು ಯಾರದು ಎಂದು ಹೇಳದೆ, ಒಂದಾಗಿ ಎಂದು ಇಬ್ಬರನ್ನೂ ಬೇಡಿಕೊಳ್ಳುತ್ತಾನೆ. ಅಲ್ಲಿಗೆ ಬಂದಾಗ ನಿಮ್ಮ ಅಮ್ಮ ನನ್ನ ಮುಖ ನೋಡಿದರು. ನಾನು ಫ್ಯಾನು ನೋಡಿದೆ.

ಸಂತಳಾಗಿರಲು ನೀನು ಅಲ್ಲೇ ಇರಬೇಕಿಲ್ಲ, ಇಲ್ಲೂ ಇರಬಹುದು ಎಂದು ವಾದ ಮಾಡಿ ಮೊದಲು ಒಂದು ಪತ್ರ ಬರೆದೆ. ಹರಿದು ಹಾಕಿದೆ. ವಾದ ಸರಿಯಾಗಿಯೇ ಇತ್ತು. ಆದರೆ ಅದರಲ್ಲಿ ನೀನು ಇರಲಿಲ್ಲ, ದೇವರೂ ಇರಲಿಲ್ಲ, ತುಂಬ ನಾನೇ ಇದ್ದೆ.

ಅಜ್ಜಿಯ ಸ್ಥಿತಿ ಮಾತ್ರ ನೋಡಲಾಗುವುದಿಲ್ಲ ಶೀಲಾ. ಸಂಜೆಯಾದರೆ ನಿಮ್ಮ ಮನೆ ಮೆಟ್ಟಿಲ ಮೇಲೆ ಹೋಗಿ ಕೂರುತ್ತಾಳೆ. ಊಟಕ್ಕೆ ಕೂತರೆ ನಿನ್ನ ನೆನಪಾಗಿ ಅಳುತ್ತಾಳೆ. ನಾನು ಕೆಲಸ ಮಾಡುವ ಕನ್ನಡಕದ ಅಂಗಡಿ ಶಿವಮೊಗ್ಗದಲ್ಲೇ ಇದೆಯಲ್ಲ, ಹಾಗೇ ಹೋಗಿ ನೋಡಿ ಬಾ ಎಂದು ಪೀಡಿಸುತ್ತಾಳೆ. ಅವಳಿಗೋಸ್ಕರ ಎಷ್ಟೋ ಸಲ ನಿಮ್ಮ ಗೇಟಿನವರೆಗೆ ಬಂದಿದ್ದೇನೆ. ಒಳಗೆ ನೆಂಟರನ್ನಷ್ಟೇ ಬಿಡುತ್ತಾರೆ. ಕಾಂಪೌಂಡಿನ ಆಚೆ ಒಣಹಾಕಿದ ಬಿಳಿ ಬಟ್ಟೆಗಳಲ್ಲಿ ನಿನ್ನದು ಯಾವುದೆಂದು ಹುಡುಕುತ್ತೇನೆ. ಎಲ್ಲವೂ ಒಂದೇ ಥರ ಇರುತ್ತವೆ. ನಾನಂತೂ ಆರಾಮಾಗಿದ್ದೇನೆ.

ಒಂದು ವಾರ ಬಾ. ಇರು ಎಂದು ಕೇಳುವುದಿಲ್ಲ. ವಾರ ಮುಗಿದ ದಿನ ನಾನೇ ನಿನ್ನ ಚೀಲ ಹಿಡಿದು ಬಸ್ಸು ಹತ್ತಿಸುತ್ತೇನೆ, ಕೋತಿಚೇಷ್ಟೆ ಏನೂ ಇಲ್ಲದೆ.

ಪೌಲ ಪತ್ರ ಬರೆದದ್ದು ಫೋಟೋಗಳಿಗಲ್ಲ. ಒಡೆದು ಓದಿ, ಬೇಕಾದರೆ ಸಿಟ್ಟಾಗಿ, ಉತ್ತರ ಬರೆಯಬಲ್ಲ ಸಂತರಿಗೆ. ನಾನೂ ಅಂಥವಳಿಗೇ ಬರೆದಿದ್ದೇನೆ.

ನಿನ್ನ ಹೆಗಲ ಮೇಲಿನ ನಾಲ್ಕು ಬೆರಳು,
ಅಕ್ಷಯಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ಅಜ್ಜಿಗೆ ಇದನ್ನು ಓದಿ ಹೇಳಿದೆ. "ನಾನ್ಯಾವತ್ತೇ ಅತ್ತೆ?" ಎಂದಳು. ಈ ಮಂಡಿನೋವಿನಲ್ಲಿ ನಿಮ್ಮ ಮೆಟ್ಟಿಲವರೆಗೆ ನಡೆಯುವುದೂ ಆಗದಂತೆ. ಸಂತರಿಗೆ ಬರೆಯುವ ಕಾಗದದಲ್ಲಿ ಸುಳ್ಳಿರಬಾರದು, ಅಜ್ಜಿ ಅತ್ತಳು, ಅಜ್ಜಿ ಕೂತಳು ಎಂದಿರುವುದನ್ನೆಲ್ಲ ಹೊಡೆದು ಹಾಕು ಎಂದಳು. ಹೊಡೆದು ಹಾಕಿಲ್ಲ. ಅಲ್ಲೆಲ್ಲ ಯಾರ ಹೆಸರಿಟ್ಟು ಓದಬೇಕೆಂದು ನಿನಗೆ ಗೊತ್ತು.