ಕೌದಿಯ ರೊಕ್ಕ ಬಂದ ಹೆಸರು

ಬ್ಯಾಡಗಿ
೨೦ ಮಾರ್ಚ್ ೨೦೦೬

ಹುಲಿಗೇಶನ ಅಪ್ಪನವರಿಗೆ ನಮಸ್ಕಾರಗಳು.

ಹೇಗಿದ್ದೀರಿ? ಗುಂಟೂರಿನ ಮೆಣಸಿನಕಾಯಿ ಘಾಟಿಗೆ ಕೆಮ್ಮು ಹತ್ತಿದೆ ಎಂದು ಬರೆದಿದ್ದಿರಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳದೆ ಚೀಲ ಬಿಚ್ಚಬೇಡಿ. ಮೆಣಸಿನಕಾಯಿ ಸಾವುಕಾರರದು, ಎದೆ ನಮ್ಮದು. ಇಲ್ಲಿ ಹುಲಿಗೇಶ ಪರೀಕ್ಷೆ ಬರೆಯುತ್ತಿದ್ದಾನೆ, ಎಮ್ಮೆ ಎರಡೂ ಹೊತ್ತು ಹಿಂಡುತ್ತಿದೆ, ನನ್ನ ಕಾಲು ಮಾತ್ರ ನೆಲದ ಮೇಲೆ ನಿಲ್ಲುತ್ತಿಲ್ಲ. ಇನ್ನು ತಡೆಯಲಾರೆ, ಹೇಳಿಯೇ ಬಿಡುತ್ತೇನೆ. ರೊಕ್ಕ ಬಂತು ರೀ! ಕೆನಡಾದಿಂದ ಬಂತು! ನನ್ನ ಕೈಗೇ ಬಂತು!

ಹೊರಡುವ ದಿನ ಬಸ್ಸಿನ ಕಿಟಕಿಯಿಂದ ನೀವು ಹೇಳಿದ ಮಾತು ನೆನಪಿದೆಯೇ? "ರೊಕ್ಕಾ ಕೈಯಾಗ ಬಂದ್ರ ಅಂಜಿನಪ್ಪನ ಖೋಲಿ ಹಿಡದು ಕೌದಿ ಅಂಗಡಿ ತಗಿ. ಬರಲಿಲ್ಲಂದ್ರ ಈ ಹುಚ್ಚು ಬಿಟ್ಟು ಸುಮ್ಮ ಕುಂದ್ರು." ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನಗಲಿ ಬಿಡಿ. ಹಳೆಯ ಸೀರೆಯ ತುಂಡು ಕೂಡಿಸಿ ಹೊಲಿದ, ಹುಲಿಗೇಶ ಹುಟ್ಟಿದಾಗಿನಿಂದ ಹಾಸಿ ಹೊದ್ದು ಸವೆದ ಕೌದಿಯನ್ನು ಕಂಪ್ಯೂಟರಿನಲ್ಲಿ ಮಾರುತ್ತೇನೆ ಎಂದರೆ ಯಾರು ನಗುವುದಿಲ್ಲ? ನಗದೇ ಇದ್ದವಳು ನಮ್ಮ ಕುಲ್ಸುಮಬಿ ಒಬ್ಬಳೇ. ತನ್ನ ಸೈಬರ್ ಸೆಂಟರಿನಲ್ಲಿ ಕೂತು ಅದರ ಫೋಟೋ ಹಾಕಿದಳು. ಮೊದಲು ಬಂದ ಗಿರಾಕಿ, ಕೇಳಿದ್ದಕ್ಕಿಂತ ದೊಡ್ಡ ಚೆಕ್ಕು ಕಳಿಸುತ್ತೇನೆ, ಹೆಚ್ಚಿನದನ್ನು ನೀವು ತಿರುಗಿ ಕಳಿಸಿ ಎಂದ. ಎಂಥ ಧಾರಾಳಿ ಎಂದು ನಾನು ಹಿಗ್ಗಿದರೆ ಕುಲ್ಸುಮಬಿ ನನ್ನ ತಲೆಗೆ ಮೊಟಕಿದಳು. "ಅವನ ಚೆಕ್ಕು ಖೊಟ್ಟಿ, ನೀ ಕಳಸೂ ರೊಕ್ಕ ಖರೇ. ಬಿಡವಾ ಅವನ್ನ!" ಆಮೇಲೆ ಕೆನಡಾದ ಮಾರ್ಥಾ ಎಂಬಾಕೆ ಬರೆದಳು. ಹೊಸದು ಬೇಡವಂತೆ, ಮಕ್ಕಳು ಮಲಗಿ ಮೆತ್ತಗಾದ ಇದೇ ಕೌದಿ ಬೇಕಂತೆ. ರೊಕ್ಕ ಮೊದಲು, ಕೌದಿ ಆಮೇಲೆ ಎಂದದ್ದಕ್ಕೂ ಒಪ್ಪಿದಳು, ಪುಣ್ಯಾತ್ಗಿತ್ತಿ.

ರೊಕ್ಕ ಬಿಡಿಸಿಕೊಳ್ಳುವ ನಂಬರು ಬಂದ ಕೂಡಲೇ ಇಬ್ಬರೂ ರಾಣೇಬೆನ್ನೂರಿಗೆ ಓಡಿದೆವು. ಹೊರದೇಶದ ರೊಕ್ಕ ಕೊಡುವ ಕೌಂಟರಿನಲ್ಲಿ ನಂಬರನ್ನೂ ನನ್ನ ಮತದಾರರ ಚೀಟಿಯನ್ನೂ ಕೊಟ್ಟೆ. ಅಲ್ಲಿನ ಹುಡುಗಿ ನೋಡಿ, "ರೊಕ್ಕ ಬಂದೈತ್ರಿ. ಆದ್ರ ನಿಮ್ಮ ಹೆಸರಿಗಲ್ರಿ" ಎಂದಳು. ಮತ್ಯಾರ ಹೆಸರಿಗೆ? "ಹುಲಿಗೇಶನ ಅವ್ವ" ಎಂಬಾಕೆಗೆ! ಫೋಟೋ ಹಾಕುವ ದಿನ ಮಾರುವವರ ಹೆಸರೇನು ಬರೆಯಲಿ ಎಂದು ಕುಲ್ಸುಮಬಿ ಕೇಳಿದಾಗ, "ಹುಲಿಗೇಶನ ಅವ್ವ ಅಂತ ಬರಿ, ಯಾರ್ನ ಕೇಳಿದ್ರೂ ಮನಿ ತೋರಸ್ತಾರ" ಎಂದಿದ್ದವಳು ನಾನೇ. ಅವಳೂ ಹಾಗೇ ಬರೆದಳು. ಅವಳಾದರೂ ನನ್ನನ್ನು ಬೇರೆ ಏನೆಂದು ಕರೆದಿದ್ದಾಳೆ? ಮಾರ್ಥಾ ಪಾಪ, ಪ್ರತಿ ಪತ್ರದಲ್ಲೂ "ಡಿಯರ್ ಮಿಸೆಸ್ ಅವ್ವ" ಎಂದು ಬರೆಯುತ್ತಿದ್ದಳಂತೆ. ನನ್ನ ಮಗನನ್ನೇ ಕರೆತರುತ್ತೇನೆ, ನಾನು ಅವನ ಅವ್ವ ಹೌದೋ ಅಲ್ಲವೋ ಕೇಳಿ ಎಂದೆ. ಆ ಹುಡುಗಿ ನಕ್ಕಳು, ಆದರೆ ಚೀಟಿಯಲ್ಲಿ ಇರುವ ಹೆಸರೇ ಬೇಕು ಎಂದಳು.

ಬರುವಾಗ ಬಸ್ಸಿನಲ್ಲಿ ಅಳು ಬಂತು. ಖೋಲಿಗೆ ಮೊಬೈಲ್ ಅಂಗಡಿಯವರು ಗಂಟುಬಿದ್ದಿದ್ದರು. ಅಂಜಿನಪ್ಪ ಸೋಮವಾರದ ತನಕ ಮಾತ್ರ ಕಾಯುತ್ತೇನೆ ಎಂದಿದ್ದ. ಹೆಸರು ಬದಲಿಸಿ ಎಂದರೆ ಮಾರ್ಥಾ ನಮ್ಮನ್ನೇ ಕಳ್ಳರೆಂದುಕೊಂಡು ರೊಕ್ಕ ಹಿಂದಕ್ಕೆ ತೆಗೆದುಕೊಂಡರೆ? ಕುಲ್ಸುಮಬಿ ತನಗೆ ಬರುವ ಇಂಗ್ಲಿಷಿನಲ್ಲಿ ನಡೆದದ್ದನ್ನೆಲ್ಲ ಬರೆದಳು. ಮಾರ್ಥಾ ನಕ್ಕು ನಕ್ಕು ಸಾಕಾಯಿತೆಂದು ಉತ್ತರ ಕೊಟ್ಟು, ಮರುದಿನವೇ ಹೋಗಿ ಹೆಸರು ತಿದ್ದಿಸಿದಳು.

ಇವತ್ತು ಸೋಮವಾರ. ಮತ್ತೆ ಅದೇ ಕೌಂಟರು. ಬೆಂಚಿನ ಮೇಲೆ ಕುಳಿತಿದ್ದೆವು. "ದ್ರಾಕ್ಷಾಯಿಣಿ! ದ್ರಾಕ್ಷಾಯಿಣಿ ಯಾರ್ರಿ?" ಎಂದು ಹುಡುಗಿ ಕೂಗಿದಳು. ಯಾರಪ್ಪಾ ಎಂದು ನಾನೂ ಎಲ್ಲರ ಹಾಗೆ ಹಿಂದೆ ತಿರುಗಿ ನೋಡಿದೆ. ಕುಲ್ಸುಮಬಿ ಪಕ್ಕೆಗೆ ತಿವಿದು, "ಏಳ, ನೀನಽ ಅದು!" ಎಂದಾಗಲೇ ಎದ್ದದ್ದು. ನನ್ನ ಹೆಸರು ನನಗೇ ಪರಕೀಯವಾಗಿತ್ತಲ್ಲ ಎಂದು ನಗು ಬಂತು. ಸಹಿ ಮಾಡಿದೆ, ಪೂರ್ತಿ ಹೆಸರು. ಅಲ್ಲಿಂದ ನೇರ ಅಂಜಿನಪ್ಪನ ಮನೆಗೆ ಹೋಗಿ ಮುಂಗಡ ಕೊಟ್ಟು ಕೀಲಿಕೈ ತಂದೆ. ಕೌದಿ ಒಗೆದು ಒಣಗಿಸಿದ್ದೇನೆ, ನಾಳೆ ಪಾರ್ಸಲ್ಲು.

ಯುಗಾದಿ ಹತ್ತಿರ ಬಂತು, ಸಾವುಕಾರರ ಹತ್ತಿರ ಈಗಲೇ ರಜೆ ಕೇಳಿಡಿ. ಹುಲಿಗೇಶನ ನಮಸ್ಕಾರ, ಕುಲ್ಸುಮಬಿಯ ಸಲಾಮು. ನಿಮ್ಮ ಕೆಮ್ಮು ಬೇಗ ಇಳಿಯಲಿ.

ಇಂತಿ ನಿಮ್ಮ,
ಹುಲಿಗೇಶನ ಅವ್ವ
ಅಲ್ಲ, ತಡೆಯಿರಿ,
ದ್ರಾಕ್ಷಾಯಿಣಿ

ತಾ.ಕ.: ಟಪಾಲು ಹೋಗುವ ಹೊತ್ತಾಯಿತು, ಮುಖ್ಯವಾದದ್ದೇ ಉಳಿಯಿತು. ಬೋರ್ಡು ಬರೆಯುವ ಮೈಲಪ್ಪ ಏನು ಹೆಸರು ಹಾಕಲಿ ಎಂದು ಕೇಳಿದ. ಈ ಸಲ ತಪ್ಪಲಿಲ್ಲ, "ದ್ರಾಕ್ಷಾಯಿಣಿ ಕೌದಿ ಅಂಗಡಿ" ಎಂದೆ. ಬಣ್ಣ ಕಲಸಿ ಆಗಿದೆ, ಬೇಡ ಎನ್ನಬೇಡಿ. ನಮ್ಮ ಮದುವೆಯಲ್ಲಿ ಹೆಣ್ಣುಮಕ್ಕಳು ಹೆಂಡತಿಯ ಹೆಸರು ಹೇಳೆಂದು ಹೊಸ್ತಿಲಿಗೆ ಅಡ್ಡ ನಿಂತಾಗ, "ಬಾಗಿಲಿಗೆ ಕಟ್ಟೇನಿ ಮಾವಿನ ತೋರಣ, ದ್ರಾಕ್ಷಾಯಿಣಿ ಇದ್ರ ಬಾಳೆಲ್ಲಾ ಹೂರಣ" ಎಂದು ಒಡಪು ಹೇಳಿ ಒಳಗೆ ಬಂದಿದ್ದಿರಿ. ನಿಮ್ಮ ಬಾಯಲ್ಲಿ ನನ್ನ ಹೆಸರು ಬಂದದ್ದು ಅದೇ ಮೊದಲು, ಅದೇ ಕೊನೆ. ಯುಗಾದಿಗೆ ಬಂದವರು ಮೊದಲು ಅಂಗಡಿಗೇ ಬನ್ನಿ. ನಾನು ಹೊಸ್ತಿಲಿಗೆ ಅಡ್ಡ ನಿಂತಿರುತ್ತೇನೆ. ಹೆಸರು ಹೇಳದೆ ಒಳಗೆ ಬಿಡುವುದಿಲ್ಲ.