ತೊಟ್ಟಿಲಿನ ಎರಡನೆಯ ಹಗ್ಗ

ಜುಲೈ ೧೪, ಸೋಮವಾರ. ಶಹಾಪುರ.

ನಾಳೆ ಹತ್ತಕ್ಕೆ ಆಫೀಸಿಗೆ ಉತ್ತರ ಕೊಡಬೇಕು. ಹೆರಿಗೆ ರಜೆಯ ನಂತರ ನನಗೆ ಒಪ್ಪಿಸಿದ ಮೊದಲ ತೀರ್ಮಾನ: ಹತ್ತಿ ಮಿಲ್ಲುಗಳ ಆ್ಯಪ್‌ಗೆ ಯಾವ ಲೋಡ್ ಬ್ಯಾಲೆನ್ಸರ್? ಬಂದ ಕೆಲಸವನ್ನು ಸರ್ವರ್‌ಗಳಿಗೆ ಹಂಚುವ ವ್ಯವಸ್ಥೆ ಅದು; ಮುಂದಿರುವ ಆಯ್ಕೆ ಎರಡು. ಒಂದು ನಾನೇ ಕೂರಿಸುವಂಥದ್ದು. ಕೆಟ್ಟರೆ ನಾನೊಬ್ಬಳೇ ಎದ್ದು ಸರಿಪಡಿಸಬೇಕು. ಇನ್ನೊಂದು ಕ್ಲೌಡ್ ಕಂಪನಿಯದು, ಜೋಡಿಯಾಗಿ ಬರುತ್ತದೆ. ಒಂದು ನಿಂತರೆ ಇನ್ನೊಂದು ಹಿಡಿಯುತ್ತದೆ. ಆ ಜೋಡಿಯೇ ಬೇಕೆಂದರೆ, ತಾಯಿಯಾದ ಮೇಲೆ ಇವಳ ಕೈಲಾಗದು ಎಂದು ಆಫೀಸಿನವರು ಅಂದುಕೊಂಡಾರು ಎಂಬ ಭಯ.

ಮಧ್ಯಾಹ್ನ ತೊಟ್ಟಿಲಿನ ಹಗ್ಗವನ್ನು ಕಾಲ್ಬೆರಳಿಗೆ ಕಟ್ಟಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತವಳು ನಿದ್ದೆಹೋದೆ. ಬೆಚ್ಚಿ ಎದ್ದರೆ ನನ್ನ ಕಾಲು ನಿಂತಿದೆ, ತೊಟ್ಟಿಲು ತೂಗುತ್ತಲೇ ಇದೆ. ಆಚೆ ಬದಿಯಲ್ಲಿ ಜೋಳ ಹಸನು ಮಾಡುತ್ತಿದ್ದ ಅತ್ತೆಯ ಕಾಲ್ಬೆರಳಿಗೂ ಒಂದು ಹಗ್ಗ.

“ಯಾವಾಗ ಕಟ್ಟಿದ್ರಿ ಅತ್ತಿ, ಇದನ್ನ?”

“ನೀ ಕೆಲಸಕ್ಕ ಕುಂತ ದಿನಾನ. ಈಗ ಕಂಡೈತೇನು ಇಂಜಿನೇರಮ್ಮಗ?”

“ನನ್ನ ಕೈಲಾಗೂದಿಲ್ಲ ಅಂದ್ಕೊಂಡ್ರೇನ್ರಿ?”

“ಕೂಸು ಮಲಗಬೇಕಲ್ಲ, ಹುಚ್ಚಿ. ಯಾರ ಕಾಲಾದ್ರೇನು?”

ನಾಳೆ ಜೋಡಿಯದನ್ನೇ ಹೇಳುತ್ತೇನೆ. ಯಾಕೆಂದು ಕೇಳಿದರೆ...

ರಾತ್ರಿ ಇಷ್ಟು ಬರೆಯುವಷ್ಟರಲ್ಲಿ ಕೂಸು ಮುಲುಗಿತು. ನಾನು ಬೆರಳು ಎಳೆಯುವ ಮೊದಲೇ ತೊಟ್ಟಿಲು ಕತ್ತಲಲ್ಲಿ ಅತ್ತೆಯ ಬದಿಗೆ ತೂಗಿತು.