ರೊಟ್ಟಿ ಸದ್ದಿಲ್ಲದ ಮನೆ

ಜನವರಿ 9, 1984. ಸೋಮವಾರ

ಮತ್ತೆ ಅನ್ನ, ಬೇಳೆ ಸಾರು. ಉಪ್ಪು ಜಾಸ್ತಿ. ಬೈಯೋರು ಯಾರೂ ಇಲ್ಲ, ಊಟ ಮುಗೀತು.

ಹಗರಿಬೊಮ್ಮನಹಳ್ಳಿಯಿಂದ ಟೇಪ್ ರೆಕಾರ್ಡರ್ ತಂದೆ. ಶಿಕ್ಷಣ ಇಲಾಖೆ ಆಫೀಸಿನವರು ಒಂದೊಂದು ಸ್ಕೂಲಿಗೆ ಸ್ವಲ್ಪ ದಿನ ಅಂತ ಕೊಡ್ತಿದ್ದಾರೆ. ಬಸ್ಸಲ್ಲಿ ಕೂಸಿನ ಹಾಗೆ ತೊಡೆ ಮೇಲೆ ಇಟ್ಕೊಂಡು ಕೂತಿದ್ದೆ. ನಮ್ಮ ಹೆಡ್‌ಮಾಸ್ಟರ್ ಗಾದೆಪ್ಪನವರು ಬೀರುವಿನಲ್ಲಿಟ್ಟು ಬೀಗ ಹಾಕೋಣ ಅಂದರು. "ಹುಡುಗ್ರು ಕೆಡಸ್ತಾವ್ರಿ ಟೀಚರ." ಕೆಡಲಿ ಅಂದೆ. ತುಮಕೂರು ಬಿಟ್ಟು ಈ ಊರಿಗೆ ಬಂದ ಮೇಲೆ ಬೇಗ ಬೆಳಗಾಗಲಿ ಅನ್ನಿಸಿದ್ದು ಇದೇ ಮೊದಲು.

11, ಬುಧವಾರ

ಆಟ ಹೀಗೆ. ದಿನಾ ಸಂಜೆ ಒಬ್ಬಿಬ್ಬರು ಟೇಪ್ ತಗೊಂಡು ಹೋಗಿ ಊರಿನ ಮನೆಗಳ ಸದ್ದು ಹಿಡಿದು ತರಬೇಕು. ಕ್ಲಾಸಿನಲ್ಲಿ ಹಾಕ್ತೀನಿ. ಉಳಿದವರು ಯಾರ ಮನೆ ಅಂತ ಗುರುತು ಹಿಡಿದು ಆ ಮನೆಯ ಚಿತ್ರ ಬರೀಬೇಕು. ಹಳೇ ನ್ಯೂಸ್‌ಪೇಪರ್, ಇದ್ದಿಲು, ಬಣ್ಣದ ಸೀಮೆಸುಣ್ಣ.

ದೊಡ್ಡಬೀರಪ್ಪನ ಕಂಬಳಿ ಮಗ್ಗ ಬಂತು. ಯಾರದೋ ಕುರಿಮರಿ ಬಂತು. ಉಳಿದದ್ದೆಲ್ಲ ರೊಟ್ಟಿ! ಜೋಳದ ರೊಟ್ಟಿ ಬಡಿಯೋ ಸದ್ದು. ನನಗೆ ಎಲ್ಲಾ ಒಂದೇ — ತಪ್ ತಪ್ ತಪ್. ಇವರಿಗೆ ಎರಡು ತಪ್ ಸಾಕು. "ಸುಂಕಮ್ಮಂದ್ರಿ! ಆಕಿ ನಡುವ ನಡುವ ಬಳಿ ಮ್ಯಾಲ ಸರಸ್ತಾಳ." "ಇದು ನಮ್ಮವ್ವಂದ್ರಿ, ಎಡಗೈಲೆ ಬಡೀತಾಳ." ಒಂದೂ ತಪ್ಪಲಿಲ್ಲ. ನಕ್ಕು ನಕ್ಕು ಸಾಕಾಯ್ತು. ಮನೆಗೆ ಬಂದು ಎಲ್ಲಾ ಹೇಳ್ಕೊಂಡೆ... ಯಾರಿಗೆ ಅಂತ ಬರೆಯೋದು.

13, ಶುಕ್ರವಾರ. ಸಂಜೆ

ಬಂದವಳೇ ಬಾಗಿಲು ಹಾಕ್ಕೊಂಡು ಇದನ್ನ ಬರೀತಿದ್ದೀನಿ.

ಇವತ್ತು ಮೈಲಮ್ಮ ತಂದ ಸದ್ದು. ಸುಂಕಮ್ಮನ ಮಗಳು, ನಾಲ್ಕನೇ ಕ್ಲಾಸು, ಮಾತು ಕಮ್ಮಿ. ಬಟನ್ ಒತ್ತಿದೆ. ಮೊದಲು ಸ್ಟವ್ ಭರ್ರ್ ಅನ್ನೋದು. ಆಮೇಲೆ ಒಬ್ಬ ಹೆಂಗಸು — "ಊಟಕ್ಕೆ ಏಳಲ್ವಾ?" ಸ್ವಲ್ಪ ಹೊತ್ತು ಏನೂ ಇಲ್ಲ. "ಬದನೆಕಾಯಿ ನಿಂಗೆ ಸೇರಲ್ಲ, ಗೊತ್ತು. ಇವತ್ತೊಂದಿನ ತಿನ್ನು." ಮತ್ತೆ ಏನೂ ಇಲ್ಲ. ಆಮೇಲೆ ನಗು. ಎಷ್ಟು ಅಕ್ಕರೆಯಿಂದ ನಗ್ತಾಳಲ್ಲ, ಯಾವ ಪುಣ್ಯವಂತೆಯೋ ಅಂದುಕೊಂಡೆ.

"ಟೀಚರ ಮನಿ!" ಇಡೀ ಕ್ಲಾಸು ಕೂಗಿತು.

ನನ್ನ ದನಿ ನನಗೇ ಗೊತ್ತಾಗಲಿಲ್ಲ. ಆಫ್ ಮಾಡೋ ಹೊತ್ತಿಗೆ ಎಲ್ಲರೂ ಬಗ್ಗಿ ಚಿತ್ರ ಶುರು ಮಾಡಿಬಿಟ್ಟಿದ್ದರು. ಬೇಡ ಅನ್ನೋದು ಹೇಗೆ, ಆಟ ನನ್ನದೇ. ಎಲ್ಲ ಹಾಳೆಯಲ್ಲೂ ನನ್ನ ಮನೆ, ಒಳಗೆ ನಾನು, ಪಕ್ಕದಲ್ಲಿ ಇನ್ನೊಬ್ಬರು. ಒಬ್ಬ ಮೀಸೆಯವನು, ಒಬ್ಬ ಮಿಲಿಟರಿ ಟೋಪಿಯವನು, ಒಂದು ಕನ್ನಡಕದ ಅಜ್ಜಿ, ಒಂದು ಬೆಕ್ಕು. ಮೀಸೆಗಳೇ ಹೆಚ್ಚು. ತಾವೇ ಗೋಡೆಗೆ ಅಂಟಿಸಿದರು. ಮೈಲಮ್ಮ ಮಾತ್ರ ತನ್ನದನ್ನು ಸುರುಳಿ ಸುತ್ತಿ ಇಟ್ಕೊಂಡಳು.

15, ಭಾನುವಾರ

ಪಕ್ಕದ ಭಾಗದಲ್ಲಿರೋ ಮನೆ ಓನರ್ ಫಕೀರಬಿ ಬಂದರು. ಮೀಸೆಯವನ ಸುದ್ದಿ ಸಂಕ್ರಾಂತಿ ಹಬ್ಬದೂಟದ ಜೊತೆ ಊರೆಲ್ಲ ಸುತ್ತಿದೆಯಂತೆ. ಪಂಚಾಯ್ತಿ ಚೇರ್ಮನ್ ಎರ್ರೆಪ್ಪನವರು ನಾಳೆ ಸ್ಕೂಲಿಗೆ ಬರ್ತಾರಂತೆ. ಇಂಥ ಟೀಚರ್ ನಮಗೆ ಬೇಡ ಅಂತ ಆಫೀಸಿಗೆ ಹೇಳ್ತಾರಂತೆ.

"ಟೀಚರಮ್ಮ, ತೀರಿಹೋದ ತಾಯಿ ಕೂಡ ಮಾತಾಡ್ತಿದ್ದೆ ಅಂದುಬಿಡ್ರಿ. ಯಾರೂ ಕೆದಕಂಗಿಲ್ಲ."

ಅಮ್ಮ ತುಮಕೂರಲ್ಲಿ ಅಣ್ಣನ ಮನೆಯಲ್ಲಿ ಗಟ್ಟಿಮುಟ್ಟಾಗಿದ್ದಾಳೆ. ಅವಳನ್ನ ಸಾಯಿಸಲಾ? ಮತ್ತೆ ನಾನು ಮಾತಾಡೋದು ಯಾರ ಜೊತೆ? ಯಾರೂ ಅಲ್ಲ. ಮುಖ ಇಲ್ಲ, ಹೆಸರಿಲ್ಲ. ಊಟಕ್ಕೆ ಕರೆದರೆ ಬರೋ ಯಾರೋ ಒಬ್ಬರು. ಇದನ್ನ ಯಾವ ಬಾಯಲ್ಲಿ ಹೇಳೋದು...

16, ಸೋಮವಾರ

ಬಂದರು. ಟೇಪ್ ಹಾಕಿಸಿದರು. ಮತ್ತೆ ಮತ್ತೆ ಹಾಕಿಸಿದರು. ನಾನು ಸುಮ್ಮನಿರೋ ಕಡೆಯೆಲ್ಲ ಎಲ್ಲರೂ ಡಬ್ಬಿಗೆ ಕಿವಿ ಹಚ್ಚೋದು.

"ಈಗ ಕೇಳ್ರಿ. ಸಣ್ಣಗ ಕೆಮ್ಮ್ಯಾನ," ಅಂದರು ಎರ್ರೆಪ್ಪನವರು.

"ಅದು ಸ್ಟವ್ವು ರೀ," ಗಾದೆಪ್ಪನವರು.

"ಹಂಗಾರ ಇವರ್ಯಾರು?" ಗೋಡೆ ಮೇಲಿನ ಮೀಸೆಗಳ ಕಡೆ ಕೈ. "ಹುಡುಗ್ರಿಗೆ ತಿಳಿದದ್ದು ನಮಗ ತಿಳಿಯಂಗಿಲ್ಲೇನು? ಯಾರಂವಾ, ಹೇಳ್ರಿ ಟೀಚರ."

ಅಮ್ಮ ಅಂತ ಹೇಳೋಕೆ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಮೈಲಮ್ಮ ಎದ್ದು ಬಂದು ಸುರುಳಿ ಬಿಚ್ಚಿದಳು. ಕಿಟಕಿ, ಸ್ಟವ್, ತಟ್ಟೆ, ನಾನು. ಅಷ್ಟೇ.

"ಇನ್ನೊಬ್ಬನ್ನ ಯಾಕ ಬರದಿಲ್ಲವಾ?"

"ಕಿಟಕ್ಯಾಗ ಟೇಪ್ ಇಟ್ಟಾಕಿ ನಾನ ರೀ. ಒಳಗ ನೋಡೀನಿ. ಯಾರೂ ಇದ್ದಿದ್ದಿಲ್ಲ. ಟೀಚರ ಗೋಡಿ ಕೂಡ ಮಾತಾಡ್ತಿದ್ರು." ಆಮೇಲೆ ನನ್ನ ಕಡೆ ತಿರುಗಿ, "ರೊಟ್ಟಿ ಸದ್ದು ಬರತೈತಿ ಅಂತ ಭಾಳ ಹೊತ್ತು ಕಾಯ್ದೆ ರೀ. ಬರ್ಲೇ ಇಲ್ಲ."

ಎರ್ರೆಪ್ಪನವರು ಟವೆಲ್ ಕೊಡವಿ ಎದ್ದರು. ಯಾರೂ ನನ್ನ ಮುಖ ನೋಡಲಿಲ್ಲ. ಮಾನ ಉಳೀತು. ಆದರೆ ಆ ಮೀಸೆಯವನು ನಿಜವಾಗಿ ಇದ್ದಿದ್ದರೇ ಚೆನ್ನಾಗಿತ್ತು ಅನ್ನಿಸ್ತು. ಬೈಸ್ಕೊಂಡರೂ ಮನೆಗೆ ಬಂದರೆ ಒಬ್ಬನಾದರೂ ಇರ್ತಿದ್ದ.

28, ಶನಿವಾರ

ಟೇಪ್ ವಾಪಸ್ ಕೊಟ್ಟೆ. ಕ್ಯಾಸೆಟ್ ನನ್ನ ಹತ್ತಿರವೇ ಇದೆ. ಅಳಿಸೋಕೆ ಮನಸ್ಸಾಗಲಿಲ್ಲ, ರೊಟ್ಟಿ ಸದ್ದೆಲ್ಲ ಅದರಲ್ಲೇ ಇದೆ.

ಆವತ್ತಿನಿಂದ ಮನೆಯಲ್ಲಿ ಒಂದು ಮಾತೂ ಆಡಿಲ್ಲ. ಬಾಯಿ ಬಿಗಿಹಿಡಿದು ಉಣ್ತೀನಿ. ಕಿಟಕಿ ಮುಚ್ಚಿರ್ತೀನಿ. ಮಕ್ಕಳೂ ಸಾವಿನ ಮನೆಗೆ ಬಂದವರ ಹಾಗೆ ಮೆಲ್ಲಗೆ ಮಾತಾಡ್ತಾವೆ. ಅದೇ ಜಾಸ್ತಿ ನೋಯೋದು. ಟ್ರಾನ್ಸ್‌ಫರ್ ಅರ್ಜಿ ಬರೆದಿಟ್ಟಿದ್ದೀನಿ. ಸೋಮವಾರ ಪೋಸ್ಟ್‌ಗೆ.

30, ಸೋಮವಾರ. ಸಂಜೆ

ಅರ್ಜಿ ಹಾಗೇ ಬ್ಯಾಗಲ್ಲಿದೆ.

ಅನ್ನಕ್ಕಿಡೋಣ ಅಂತ ಸ್ಟವ್ ಹಚ್ಚಿದ್ದೆ, ಬಾಗಿಲು ಬಡಿದರು. ಸುಂಕಮ್ಮ, ಕಂಕುಳಲ್ಲಿ ರೊಟ್ಟಿ ಹಂಚು. ಹಿಂದೆ ಹಿಟ್ಟಿನ ಡಬ್ಬಿ ಹಿಡ್ಕೊಂಡು ಮೈಲಮ್ಮ. ಮಾತು ಕೇಳಿ ಫಕೀರಬಿಯೂ ಬಂದರು.

"ನಿಮ್ಮ ಮನೀದು ಗುರ್ತು ಹಿಡಿಯಾಕ ಒಂದು ಸದ್ದ ಇಲ್ಲ ಅಂತ ಅಳ್ತಾಳ ನೋಡ್ರಿ ಇಕಿ," ಅಂದಳು ಸುಂಕಮ್ಮ. "ಏಳ್ರಿ, ರೊಟ್ಟಿ ಬಡಿಯಾಕ ಕಲಿಸ್ತೀನಿ."

ನನಗೆ ಬರಲ್ಲ, ಹರಿದು ಹೋಗುತ್ತೆ ಅಂದೆ.

"ಹರಿದದ್ದು ನಾವು ತಿಂತೀವಿ, ಅದಕ್ಕೇನ್ರಿ," ಫಕೀರಬಿ ಆಗಲೇ ಚಾಪೆ ಹಾಸ್ಕೊಂಡು ಕೂತುಬಿಟ್ಟಿದ್ದಾರೆ.

ಹಿಟ್ಟಿಗೆ ನೀರು ಕಾಯ್ತಿದೆ. ಅಷ್ಟರಲ್ಲಿ ಇದಿಷ್ಟು ಗೀಚ್ತಿದ್ದೀನಿ. ಮೈಲಮ್ಮ ಗೋಡೆಗೊರಗಿ ಕಣ್ಣು ಮುಚ್ಚಿ ಕೂತಿದ್ದಾಳೆ — ನನ್ನ ಸದ್ದು ಹೆಂಗಿರುತ್ತೆ ಅಂತ ನೆನಪಿಟ್ಕೋಬೇಕಂತೆ. ನೀರು ಕುದೀತು. ಬರಿಯೋದು ಸಾಕು, ಕೈ ತೊಳಕೊಳ್ರಿ ಅಂತ ಸುಂಕಮ್ಮ ಕರೀತಿ—